ಸೆಟೆಹುಲ್ಲು ಮತ್ತು ನಗುವ ಬಕೆಟ್ಟು

ನಮ್ಮ ಮನೆಯಲ್ಲಿ ಕಸ ಎಂಬುದು ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ. ಪೊರಕೆ ಕಟ್ಟುವವರ ಮನೆ ನೋಡಿ, ಕೈ ಚಾಚಿದ ಕಡೆಯೆಲ್ಲ ಪೊರಕೆಯೇ ಸಿಗುತ್ತದೆ, ಸುಮ್ಮನೆ ಕೂತರೆ ಕೈ ತುರಿಸುತ್ತದೆ. ನನ್ನ ಅತ್ತೆಯಂತೂ ಬೆಳಗಿನ ಜಾವ ಎದ್ದವರೇ, ಕಣ್ಣು ಪೂರ್ತಿ ಬಿಡುವ ಮೊದಲೇ, ಹಿತ್ತಿಲಿಗೆ ಇಳಿಯುತ್ತಾರೆ. ಅವರು ಗುಡಿಸಿದ ಹಿತ್ತಿಲಲ್ಲಿ ಇರುವೆಯೂ ಕಾಲು ಒರೆಸಿಕೊಂಡು ನಡೆಯಬೇಕು. ಗುಡಿಸಿದ್ದನ್ನೆಲ್ಲ ಮೊರಕ್ಕೆ ಬಳಿದು ಮೋಟು ಗೋಡೆಯ ಆಚೆಗೆ ಒಂದೇ ಬೀಸಿಗೆ ಎಸೆಯುತ್ತಾರೆ. ಗೋಡೆಯ ಆಚೆ ಇರುವುದು ಅವರ ಕಿರಿಮಗನ, ಅಂದರೆ ನನ್ನ ಮೈದುನನ, ಹಿತ್ತಿಲು. "ಅಮ್ಮಾ, ನಿನ್ ಕಸ ನೀನೇ ತಗೊಂಡ್ ಹೋಗು" ಎಂದು ಅವನು ನೂರು ಸಲ ಜಗಳವಾಡಿದ್ದಾನೆ. ಅತ್ತೆ ಅದನ್ನು ಕಿವಿಗೇ ಹಾಕಿಕೊಂಡಿಲ್ಲ.

ನಾವು ಕಟ್ಟುವುದು ಸೆಟೆಹುಲ್ಲಿನ ಪೊರಕೆ. ಅದು ತೋಟದ ಹುಲ್ಲಲ್ಲ, ಕಾಡುಹುಲ್ಲು. ನಮ್ಮ ಬೀದಿಯ ಹಿಂದೆ ರೈಲು ಹಳಿಯ ಪಕ್ಕಕ್ಕೆ ಒಂದು ದಿಣ್ಣೆ ಇತ್ತು. ಅಲ್ಲಿದ್ದದ್ದು ಬರೀ ಜಲ್ಲಿ, ಮರಳು, ಬಿಸಿಲು, ಗಾಳಿ. ಬೇರೆ ಯಾವ ಗಿಡವೂ ಅತ್ತ ತಲೆ ಹಾಕುತ್ತಿರಲಿಲ್ಲ. ಸೆಟೆಹುಲ್ಲು ಮಾತ್ರ ತನ್ನಪ್ಪನ ಮನೆ ಎಂಬಂತೆ ಬುಡ ಬುಡವಾಗಿ ಹಬ್ಬಿ ಆಳೆತ್ತರ ನಿಲ್ಲುತ್ತಿತ್ತು. ಒಮ್ಮೆ ಬೇರು ಬಿಟ್ಟರೆ ಮುಗಿಯಿತು, ವರ್ಷ ವರ್ಷವೂ ಕೊಯ್ದಷ್ಟೂ ಅದೇ ಬುಡದಿಂದ ಮತ್ತೆ ಏಳುತ್ತದೆ. ಮಳೆಗಾಲ ಕಳೆದು ತೆನೆ ಬಂದು, ಹತ್ತಿ ಎಳೆಯಂಥ ಬೀಜ ಗಾಳಿಗೆ ಹಾರಿ, ಕಡ್ಡಿ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿದ ಮೇಲೆ ನಾವು ಕುಡುಗೋಲು ಹಿಡಿದು ಹೋಗುತ್ತಿದ್ದೆವು. ಕಡ್ಡಿಯಲ್ಲಿ ಪೊರಕೆ, ಎಲೆಯಲ್ಲಿ ಹಗ್ಗ, ಗಡ್ಡದಂಥ ಬೇರಿನಲ್ಲಿ ಸುಣ್ಣ ಬಳಿಯುವ ಕುಂಚ. ಚೂರುಪಾರು ಹಾಸಿಗೆಗೆ ತುಂಬಲು. ದನ ಮಾತ್ರ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

ನಮ್ಮಲ್ಲಿ ಪೊರಕೆ ಪಾಸಾಗಬೇಕಾದರೆ ಒಂದು ಪರೀಕ್ಷೆ ಇದೆ. ಹೊಸದಾಗಿ ಕಟ್ಟಿದ ಪೊರಕೆಯನ್ನು ಸಂಜೆ ಅಂಗಡಿಯ ನೆಲದ ಮೇಲೆ, ಕಡ್ಡಿಯ ತುದಿ ಕೆಳಗೆ ಮಾಡಿ, ಯಾವ ಆಸರೆಯೂ ಇಲ್ಲದೆ ನಿಲ್ಲಿಸುತ್ತೇವೆ. ಬೆಳಗ್ಗೆ ಬಂದಾಗಲೂ ನಿಂತಿದ್ದರೆ ಮಾರಾಟಕ್ಕೆ. ಬಾಗಿ ಬಿದ್ದಿದ್ದರೆ 'ಮಲಗಿತು' ಎನ್ನುತ್ತೇವೆ, ಬಿಚ್ಚಿ ಮತ್ತೆ ಕಟ್ಟುತ್ತೇವೆ. ಮದುವೆಯಾಗಿ ಈ ಮನೆಗೆ ಬಂದಾಗ ನಾನು ಕಟ್ಟಿದ ಮೊದಲ ಪೊರಕೆ ಮಲಗಿತ್ತು. ಅತ್ತೆ ಏನೂ ಬಯ್ಯಲಿಲ್ಲ. ಅದಕ್ಕೊಂದು ಟವೆಲ್ಲು ಹೊದಿಸಿ ಒಳಗೆ ಹೋದರು. ಆವತ್ತೇ ನಾನು ಈ ಮುದುಕಿಯ ಕೈಲಿ ಶಹಬ್ಬಾಸ್ ಅನ್ನಿಸಿಕೊಳ್ಳದೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಹಟ ತೀರುವಷ್ಟರಲ್ಲಿ ಅವರ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತ್ತು, ಏನು ಮಾಡಲಿ.

ಹೀಗಿರುವಾಗ ಒಂದು ದಿನ ದಿಣ್ಣೆಗೆ ಬೇಲಿ ಬಿತ್ತು. ಮೇಲಿಂದ ಕೆಳಗಿನವರೆಗೆ ಕಾಂಕ್ರೀಟ್ ಹಾಸುತ್ತಾರಂತೆ, ಈ ವರ್ಷದ ಕೊಯ್ಲೇ ಕೊನೆಯದಂತೆ. ನಾವು ಮೂವರೂ, ಅಂದರೆ ನಾನು, ನಮ್ಮವರು, ಅತ್ತೆ, ದಿಣ್ಣೆಯನ್ನು ಬೋಳಿಸಿದಂತೆ ಕೊಯ್ದು ತಂದೆವು. ಅಟ್ಟ ತುಂಬಿತು, ಮಂಚದ ಕೆಳಗೆ ತುಂಬಿತು, ಬಚ್ಚಲಲ್ಲಿ ಪಕ್ಕಕ್ಕೆ ತಿರುಗಿ ಸ್ನಾನ ಮಾಡುವ ಹಾಗಾಯಿತು. ತೆನೆಯಲ್ಲಿ ಹಾರದೆ ಉಳಿದಿದ್ದ ಬೀಜವನ್ನೂ ಬಿಡಲಿಲ್ಲ, ದಿಂಬಿನ ಚೀಲಗಳಿಗೆ ತುಂಬಿಟ್ಟೆ. ಒಂದೆರಡು ಬುಡವನ್ನೂ ಅಗೆದು ತಂದೆವು. ಆದರೆ ಅಟ್ಟ ಎಷ್ಟು ತುಂಬಿದರೂ ಒಂದು ದಿನ ಖಾಲಿಯಾಗಲೇಬೇಕು, ಅದು ಮೂವರಿಗೂ ಗೊತ್ತಿತ್ತು.

ಮೈದುನನಿಗೂ ಗೊತ್ತಿತ್ತು. ಮೋಟು ಗೋಡೆಯ ಆಚೆಗೇ ಅವನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ಟು, ಮಗ್ಗು, ಕುರ್ಚಿ, ಮತ್ತೆ ನಮ್ಮ ಹೊಟ್ಟೆ ಉರಿಸಲಿಕ್ಕೇ ಇರುವ ನೀಲಿ ಬಣ್ಣದ ಪ್ಲಾಸ್ಟಿಕ್ ಪೊರಕೆ. ಬೀದಿಯವರು ಅವನನ್ನು ಬಕೆಟ್ ಸಾಹುಕಾರ ಎನ್ನುತ್ತಾರೆ. ಮನುಷ್ಯ ಕೆಟ್ಟವನಲ್ಲ. ಉಪಕಾರ ಮಾಡುವ ಹುಚ್ಚು ಸ್ವಲ್ಪ ಜಾಸ್ತಿ, ಅದೇ ತೊಂದರೆ. ಆವತ್ತು ಸಂಜೆ ಒಂದು ಕವರು ಹಿಡಿದು ಬಂದ. ಒಳಗಿಂದ ಗಿಳಿಹಸಿರು ಬಣ್ಣದ ಏಪ್ರನ್ ತೆಗೆದು ನನ್ನ ಮುಂದೆ ಬಿಡಿಸಿ ಹಿಡಿದ. ಎದೆಯ ಮೇಲೆ ಕಣ್ಣು, ಮೂಗು, ಸಾಲು ಹಲ್ಲು ಇರುವ ಒಂದು ಬಕೆಟ್ಟು ನಗುತ್ತಿತ್ತು.

"ಅತ್ತಿಗೆ, ಅಟ್ಟದ ಹುಲ್ಲು ಮುಗಿದ ದಿನ ಅಂಗಡಿ ಬಾಗಿಲು ಹಾಕಿ ನನ್ ಹತ್ರ ಬಂದ್ಬಿಡಿ. ಕೌಂಟರಿಗೆ ನಂಬಿಕಸ್ತರು ಬೇಕು ನಂಗೆ. ನಿಮ್ಮ ಅಳತೆಗೇ ಹೊಲಿಸಿದ್ದೀನಿ."

"ನನ್ನ ಅಳತೆ ನಿಂಗೆ ಹೇಗಪ್ಪ ಗೊತ್ತಾಯ್ತು?"

"ದರ್ಜಿಗೆ ಹೇಳ್ದೆ, ಡ್ರಮ್ ಸೈಜಲ್ಲಿ ಒಂದು ಹೊಲಿ ಅಂತ."

ನಮ್ಮವರು ಕೆಮ್ಮಿನ ನೆಪ ಮಾಡಿ ಒಳಗೆ ಹೋದರು. ಅವರ ಲೆಕ್ಕ ಆಮೇಲೆ ಚುಕ್ತಾ ಮಾಡಿದೆ, ಆ ಮಾತು ಬಿಡಿ.

"ಅಣ್ಣ ಗೋಡೌನ್ ನೋಡ್ಕೊಳ್ಳಿ. ಅಮ್ಮ ಅಂಗಡಿ ಮೇಲಿನ ಮನೇಲಿ ಆರಾಮಾಗಿ ಇರ್ಲಿ" ಎಂದ ಮೈದುನ.

"ಅಲ್ಲಿ ನಾನೇನೋ ಮಾಡ್ಲಿ?" ಎಂದರು ಅತ್ತೆ.

"ಏನೂ ಮಾಡ್ಬೇಡಮ್ಮ. ಅಲ್ಲಿ ಗುಡಿಸೋದಕ್ಕೂ ಮಿಷನ್ ಇದೆ. ಸ್ವಿಚ್ ಹಾಕಿದ್ರೆ ತಾನೇ ಓಡಾಡುತ್ತೆ."

ಅತ್ತೆಯ ಮುಖ ಬಿಳಚಿಕೊಂಡಿತು. ಅವನು ಹೋದ ಮೇಲೆ ಅಡುಗೆಮನೆಗೆ ಬಂದು, ನಾನು ತೊಳೆಯುತ್ತಿದ್ದ ಪಾತ್ರೆಯನ್ನೇ ನೋಡುತ್ತಾ ನಿಂತರು. "ಆ ಮಿಷನ್ ಜೊತೆ ನಾನು ಬಾಳಲ್ಲ ಕಣೆ. ಗುಡಿಸ್ದೆ ಕೂತ್ರೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದರು. ಯಾವತ್ತೂ ಹೀಗೆ ಮಾತಾಡಿದವರಲ್ಲ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ನಾಲಿಗೆಗೆ ಲಗಾಮಿಲ್ಲ. ಸೀದಾ ಮೋಟು ಗೋಡೆಯ ಹತ್ತಿರ ಹೋಗಿ ಕೂಗಿದೆ.

"ಕೇಳಿಸ್ಕೊಳಪ್ಪ ಸಾಹುಕಾರ. ಅಟ್ಟ ಖಾಲಿಯಾಗೋದ್ರೊಳಗೆ ಸೆಟೆಹುಲ್ಲನ್ನ ನಾವೇ ಬೆಳೀತೀವಿ. ಬೆಳೀದಿದ್ರೆ ಮಾರನೇ ದಿನ ನಾನೇ ಬಂದು ಆ ಹಲ್ಲು ಕಿರಿಯೋ ಬಕೆಟ್ಟನ್ನ ಎದೆ ಮೇಲೆ ಹಾಕ್ಕೋತೀನಿ."

"ಏಪ್ರನ್ ನಿಮ್ಮಲ್ಲೇ ಇರ್ಲಿ ಅತ್ತಿಗೆ, ಹೇಗಿದ್ರೂ ಬೇಕಾಗುತ್ತೆ" ಎಂದ ಆ ಕಡೆಯಿಂದ. ಅದನ್ನು ನಮ್ಮ ಅಂಗಡಿಯ ಮೊಳೆಗೆ ತಗುಲಿಹಾಕಿದೆ. ಹೋಗುವಾಗ ಬರುವಾಗ ಅದು ನನ್ನನ್ನು ನೋಡಿ ನಗುತ್ತಿತ್ತು.

ಕೃಷಿಯ ಹೊಣೆಯನ್ನು ನಮ್ಮವರು ಹೊತ್ತರು. ಅಲ್ಲಿಯವರೆಗೆ ಅವರು ಬೆಳೆಸಿದ್ದು ಮೀಸೆ ಒಂದೇ. "ಪ್ರೀತಿಯಿಂದ ನೋಡ್ಕೊಂಡ್ರೆ ಕಲ್ಲೂ ಚಿಗುರುತ್ತೆ" ಎಂದು ಹೇಳಿ, ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿ, ಕಪ್ಪು ಮಣ್ಣು ತುಂಬಿ, ಗಾಡಿಗಟ್ಟಲೆ ಗೊಬ್ಬರ ಹಾಕಿ, ದಿಣ್ಣೆಯಿಂದ ತಂದ ಬುಡಗಳನ್ನು ನೆಟ್ಟರು. ಬೆಳಗ್ಗೆ ನೀರು, ಸಂಜೆ ನೀರು. ಹಾಲಿನ ಪಾತ್ರೆ ತೊಳೆದ ನೀರು ಬೇರೆ, ಶಕ್ತಿಗೆ. ಬಿಸಿಲು ಏರಿದರೆ ಕೊಡೆ ಹಿಡಿಯುತ್ತಿದ್ದರು. ನನಗೆ ಜ್ವರ ಬಂದು ಮಲಗಿದ್ದಾಗ ಒಂದು ಲೋಟ ನೀರು ಎಲ್ಲಿದೆ ಎಂದು ನನ್ನನ್ನೇ ಕೇಳಿದ ಮನುಷ್ಯ, ಹುಲ್ಲಿನ ಪಕ್ಕ ಕೂತು "ಏನಮ್ಮ, ನಿದ್ದೆ ಬಂತಾ" ಎಂದು ವಿಚಾರಿಸುತ್ತಿದ್ದರು.

ಹುಲ್ಲು ಬೆಳೆಯಿತು, ಸುಳ್ಳು ಹೇಳಬಾರದು. ಬುಸುಬುಸು ಬೆಳೆದು ಗೋಡೆ ಮೀರಿತು. ಬೀದಿಯವರು ಬಂದು ನೋಡಿ ಹೋದರು. ಯಾವತ್ತೂ ಬಾಯಿ ಹಾಕದ ದನ ಗೋಡೆಯ ಮೇಲೆ ಕತ್ತು ಚಾಚಿ ಅರ್ಧ ತಿಂದು ಹೋಯಿತು. ಆಗಲೇ ನನಗೆ ಅನುಮಾನ ಬಂದಿತ್ತು. ಉಳಿದದ್ದನ್ನು ಕೊಯ್ದು ಒಣಗಿಸಿ ಅತ್ತೆ ತಮ್ಮ ಕೈಯಾರೆ ಪೊರಕೆ ಕಟ್ಟಿ ಸಂಜೆ ನಿಲ್ಲಿಸಿದರು. ಬೆಳಗ್ಗೆವರೆಗೆ ಕಾಯುವ ಕೆಲಸವೇ ಬೀಳಲಿಲ್ಲ. ಅವರು ಕೈ ಬಿಟ್ಟ ಕೂಡಲೇ ಪೊರಕೆ ನಿಧಾನಕ್ಕೆ, ಊಟವಾದ ಮೇಲೆ ನಮ್ಮವರು ಒರಗುವ ಹಾಗೆ, ಒಂದು ಪಕ್ಕಕ್ಕೆ ಒರಗಿ ಮಲಗಿತು.

ಅತ್ತೆ ಟವೆಲ್ಲು ತಂದು ಹೊದಿಸಿದರು. ನಮ್ಮವರು ಅದರ ಎದುರು ಕೂತು, "ಏನು ಕಮ್ಮಿ ಮಾಡ್ದೆ ನಾನು ಇದಕ್ಕೆ" ಎಂದರು.

"ಏನೂ ಕಮ್ಮಿ ಮಾಡ್ಲಿಲ್ವಲ್ಲ ರೀ, ಅದೇ ತಪ್ಪಾಗಿದ್ದು" ಎಂದೆ. "ದಿಣ್ಣೇಲಿ ಅದಕ್ಕೆ ಯಾರು ಕೊಡೆ ಹಿಡಿದಿದ್ರು? ಕುಡಿಯೋಕೆ ಗತಿ ಇರ್ಲಿಲ್ಲ, ಅದಕ್ಕೇ ಸೆಟೆದು ನಿಂತಿತ್ತು. ನೀವು ಮುದ್ದು ಮಾಡಿ ಅದನ್ನ ನಿಮ್ ಥರಾ ಮಾಡಿಟ್ರಿ."

ಮಿಕ್ಕ ಬುಡಗಳೂ ಸುರಿದ ನೀರಿಗೆ ಕೊಳೆತುಹೋದವು. ಅಷ್ಟರಲ್ಲಿ ಮಂಚದ ಕೆಳಗಿನ ಹುಲ್ಲು ಮುಗಿದಿತ್ತು, ಬಚ್ಚಲಲ್ಲಿ ಮತ್ತೆ ನೇರವಾಗಿ ನಿಂತು ಸ್ನಾನ ಮಾಡುವಂತಾಗಿತ್ತು. ಅಟ್ಟದ ರಾಶಿಯೂ ಇಳಿಯುತ್ತಿತ್ತು. ಇನ್ನು ಉಳಿದದ್ದು ಬೀಜ ಒಂದೇ. ನಮ್ಮವರು ಅದರ ಮೇಲೂ ಪ್ರೀತಿ ಬಿಟ್ಟಿರಲಿಲ್ಲ, ಒಂದು ಬೀಜದ ದಿಂಬನ್ನು ದಿನವೂ ತಲೆಗಿಟ್ಟು ಮಲಗುತ್ತಿದ್ದರು, ಬೀಜಕ್ಕೆ ಬೆಚ್ಚಗಿರಲಿ ಎಂದು. ಆ ಒಂದು ದಿಂಬನ್ನು ಮಾತ್ರ ಕೊಡುವುದಿಲ್ಲ, ಅದಿಲ್ಲದೆ ನಿದ್ದೆ ಬರುವುದಿಲ್ಲ ಎಂದರು. ಬಾಕಿಯವನ್ನು ಬಿಚ್ಚಿದೆವು.

ಈ ಸಲ ಬುದ್ಧಿ ಕಲಿತು, ಕಪ್ಪು ಮಣ್ಣನ್ನೆಲ್ಲ ಎತ್ತಿ ಹಾಕಿ, ಹಿತ್ತಿಲ ಅರ್ಧಕ್ಕೆ ಜಲ್ಲಿ ಮರಳು ಹಾಸಿ, ಗಟ್ಟಿಯಾಗಿ ತುಳಿದು ನೆಲದ ಸಮ ಮಾಡಿದೆವು. ಗೊಬ್ಬರವಿಲ್ಲ, ನೀರಿಲ್ಲ, ಕೊಡೆಯಂತೂ ಇಲ್ಲವೇ ಇಲ್ಲ. ದಿಣ್ಣೆಯಲ್ಲಿ ಬೀಜ ನೆಲದ ಮೇಲೆಯೇ ಬಿದ್ದಿರುತ್ತಿತ್ತಲ್ಲ, ಹಾಗೆಯೇ ಮೇಲೆ ಚೆಲ್ಲಬೇಕು, ಹೂಳಬಾರದು ಎಂದು ನಾನೂ ನಮ್ಮವರೂ ಮಾತಾಡಿಕೊಂಡೆವು. ಗಾಳಿಗೆ ಹಾರದಿರಲಿ ಎಂದು ಬೂದಿ ಬೆರೆಸಿ, ಮೊದಲ ಮಳೆ ಬೀಳುತ್ತಲೇ ಚೆಲ್ಲಿದೆವು. ಆಮೇಲೂ ನಮ್ಮವರು ಆಗಾಗ ಸಂಜೆ ಹೋಗಿ "ಇನ್ನೊಂದು ಹಿಡಿ ಇರ್ಲಿ" ಎಂದು ಚೆಲ್ಲಿ ಬರುತ್ತಿದ್ದರು.

ಮಳೆ ಬಂತು, ಹೋಯಿತು, ಮತ್ತೆ ಬಂತು. ಜಲ್ಲಿಯಿಂದ ಒಂದು ಎಸಳೂ ಏಳಲಿಲ್ಲ. ನಾವು ಮೂವರೂ ಬಗ್ಗಿ, ಕೂತು, ಕೊನೆಗೆ ಬೋರಲು ಮಲಗಿಯೂ ನೋಡಿದೆವು. ಹಿತ್ತಿಲು ನುಣ್ಣಗೆ ಥಳಥಳ ಎನ್ನುತ್ತಿತ್ತು. ಒಂದು ಕಳೆ ಕೂಡ ಇರಲಿಲ್ಲ. ಅದು ಬಹಳ ಒಳ್ಳೆಯ ಲಕ್ಷಣ ಎಂದು ನಮ್ಮವರು ಹೇಳಿದರು. ಹೌದೇನೋ ಎಂದು ನಾನೂ ನಂಬಿದೆ ನೋಡಿ, ನನ್ನ ಬುದ್ಧಿಗೆ ಏನೆನ್ನಬೇಕು.

ಮಳೆಗಾಲದ ಕೊನೆಗೆ ಒಂದು ಬೆಳಗ್ಗೆ ಹಾಲಿನವನು ಇನ್ನೂ ಮಬ್ಬಿರುವಾಗಲೇ ಬಂದು ಬಾಗಿಲು ಬಡಿದ. ಹಾಲು ತೆಗೆದುಕೊಂಡು ಒಳಗೆ ಬರುವಾಗ ಹಿತ್ತಿಲಿಂದ ಸರ್ ಸರ್ ಎಂದು ಸದ್ದು ಕೇಳಿಸಿತು. ಹೋಗಿ ನೋಡಿದರೆ ಅತ್ತೆ, ಸೊಂಟ ಬಗ್ಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡು, ಬಿತ್ತಿದ ಜಲ್ಲಿಯನ್ನು ಈ ಮೂಲೆಯಿಂದ ಆ ಮೂಲೆಗೆ ಅಚ್ಚುಕಟ್ಟಾಗಿ ಗುಡಿಸುತ್ತಿದ್ದಾರೆ.

"ಅತ್ತೆ, ಏನ್ ಮಾಡ್ತಿದ್ದೀರಿ?"

"ಕಾಣಲ್ವಾ, ಗುಡಿಸ್ತಿದ್ದೀನಿ. ಮೊಳಕೆ ಬರೋ ಜಾಗ ಚೊಕ್ಕಟವಾಗಿರ್ಬೇಡ್ವಾ? ನಿನ್ ಗಂಡನಿಗೆ ಹೇಳು, ಎಲ್ಲಿಂದಲೋ ಬೂದಿ ತಂದು ತಂದು ಇಲ್ಲೇ ಚೆಲ್ತಾನೆ. ದಿನಾ ತೆಗೆದು ತೆಗೆದು ಸಾಕಾಗಿದೆ."

"ದಿನಾನಾ?"

"ಒಂದ್ ದಿನಾನೂ ಬಿಟ್ಟಿಲ್ಲ" ಎಂದರು, ಹೆಮ್ಮೆಯಿಂದ.

ಬೀಜವೆಂದರೆ ಮಣ್ಣಿನೊಳಗೆ ಇರುತ್ತದೆ ಎಂದು ಅವರ ಲೆಕ್ಕ. ಮೇಲೆ ಇರುವುದೆಲ್ಲ ಕಸ. ದಿಣ್ಣೆಯ ಹುಲ್ಲನ್ನು ಗಾಳಿಯೇ ಬಿತ್ತುತ್ತಿತ್ತು, ಅದನ್ನು ಯಾರೂ ಕೈಯಾರೆ ಬಿತ್ತಿದ್ದನ್ನು ಅವರು ಕಂಡಿರಲಿಲ್ಲ. ಮೇಲೆಯೇ ಚೆಲ್ಲಬೇಕು ಎಂದು ನಾನೂ ನಮ್ಮವರೂ ಮಾತಾಡಿಕೊಂಡೆವೇ ಹೊರತು ಅವರಿಗೆ ಯಾರೂ ಹೇಳಿರಲಿಲ್ಲ. ಇದೆಲ್ಲ ಈಗ ಶಾಂತವಾಗಿ ಹೇಳುತ್ತಿದ್ದೇನೆ. ಆಗ ನನಗೆ ಪಿತ್ತ ನೆತ್ತಿಗೇರಿತ್ತು.

"ಅಯ್ಯೋ ಅತ್ತೆ, ನೀವು ದಿನಾ ಗುಡಿಸಿ ಎಸ್ದಿದ್ದು ಬೂದಿ ಅಲ್ಲ, ಬೀಜ. ನಮ್ಮ ಅಂಗಡೀನೇ ಗುಡಿಸಿ ಎಸೆದ್ರಿ ನೀವು."

ಅತ್ತೆ ನನ್ನನ್ನೇ ನೋಡಿದರು. ನೆಲ ನೋಡಿದರು. ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಅದನ್ನು ಮತ್ತೆ ಮುಟ್ಟಲಿಲ್ಲ.

ಅವರು ಗುಡಿಸದ ಮನೆ ಹೇಗಿರುತ್ತದೆ ಎಂದು ಆಗಲೇ ನಮಗೆ ಗೊತ್ತಾದದ್ದು. ಹಿತ್ತಿಲಲ್ಲಿ ಎಲೆ ಬಿದ್ದವು, ಅವುಗಳ ಮೇಲೆ ಮತ್ತೆ ಎಲೆ ಬಿದ್ದವು. ಅಂಗಡಿಯಲ್ಲಿ ಹುಲ್ಲಿನ ಚೂರು ಕಾಲಿಗೆ ಚುಚ್ಚುತ್ತಿತ್ತು. ನಮ್ಮವರು ಸೀನಿ ಸೀನಿ ಮೂಗು ಕೆಂಪಗೆ ಮಾಡಿಕೊಂಡರು. ಗಿರಾಕಿಗಳು ಬಾಗಿಲಲ್ಲೇ ನಿಂತು, "ಅಜ್ಜಿ ಊರಲ್ಲಿಲ್ವಾ" ಎಂದು ಕೇಳುತ್ತಿದ್ದರು. ಅಜ್ಜಿ ಒಳಗೆ ಕುರ್ಚಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ನಾನು ಗುಡಿಸಲು ಹೋದರೆ ನನಗೇ ಅಳು ಬರುತ್ತಿತ್ತು, ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ. "ಬನ್ನಿ ಅತ್ತೆ, ಒಂದ್ಸಲ ಗುಡಿಸಿ, ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ" ಎಂದು ಕರೆದೆ. "ನನ್ ಕೈ ಒಳ್ಳೇದಲ್ಲ ಕಣೆ" ಎಂದರು. ಅದಕ್ಕಿಂತ ಅವರು ನನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಮಳೆಗಾಲ ಮುಗಿದು ಬಿಸಿಲು ಬಲಿಯಿತು. ಒಂದು ಮಧ್ಯಾಹ್ನ ನಮ್ಮವರು ಅಟ್ಟದಿಂದ ಒಂದು ಕಟ್ಟು ಹುಲ್ಲು ಇಳಿಸಿ, ಮತ್ತೆ ಮೇಲೆ ಹತ್ತದೆ ಏಣಿಯನ್ನು ಮಡಚಿಟ್ಟರು. ಅದೇ ಕೊನೆಯ ಕಟ್ಟು.

ಮಾರನೇ ದಿನ ಏಪ್ರನ್ ತೊಟ್ಟೆ. ಡ್ರಮ್ ಸೈಜು ಎಂದಿದ್ದನಲ್ಲ, ಸರಿಯಾಗಿಯೇ ಇತ್ತು, ಅದೇ ಇನ್ನೂ ಬೇಜಾರಾಯಿತು. ಬಕೆಟ್ಟಿನ ಹಲ್ಲು ನನ್ನ ಹೊಟ್ಟೆಯ ಮೇಲೆ ಹಿಗ್ಗಿ ಇನ್ನೂ ಅಗಲವಾಗಿ ನಗುತ್ತಿತ್ತು. ಅತ್ತೆ ಕುರ್ಚಿಯಿಂದಲೇ ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು.

ಮೈದುನ ಅಂಗಡಿಯ ಬಾಗಿಲಲ್ಲೇ ಕಾದಿದ್ದ. ಗೆದ್ದೆ ಎಂದು ಹಂಗಿಸುತ್ತಾನೆ, ಹಂಗಿಸಿದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಒಂದಿಷ್ಟು ಮಾತು ಹೊಂಚಿಕೊಂಡು ಹೋಗಿದ್ದೆ. ಅವನು ಹಂಗಿಸಲಿಲ್ಲ, ಟೀ ತರಿಸಿದ. ಹೊಂಚಿಕೊಂಡ ಮಾತೆಲ್ಲ ದಂಡವಾಯಿತು.

"ಅತ್ತಿಗೆ, ಇವತ್ತು ಕೌಂಟರ್ ಬೇಡ. ಮೊದಲನೇ ದಿನ, ಗಿರಾಕಿಗಳ ಜೊತೆ ಮಾತಾಡೋಕೆ ನಿಮಗೂ ಮನಸಿರಲ್ಲ. ಹಿತ್ತಿಲಲ್ಲಿ ಒಂದು ಸಣ್ಣ ಕೆಲಸ ಇದೆ. ಒಡೆದ ಬಕೆಟ್ ರಾಶಿ ಹಾಕಿದ್ದೀನಲ್ಲ, ಅಲ್ಲಿ ಅದೇನೋ ದರಿದ್ರ ಕಳೆ ಎದ್ದಿದೆ. ಕಿತ್ತರೆ ಕೈ ಕುಯ್ಯುತ್ತೆ, ಬೇರು ಬರಲ್ಲ. ಕೊಯ್ದು ಹಾಕಿದ್ರೆ ವಾರದಲ್ಲಿ ಮತ್ತೆ ಎದ್ದು ನಿಂತಿರುತ್ತೆ. ನಾಳೆ ಔಷಧಿ ಹೊಡೆಯೋಕೆ ಹೇಳಿದ್ದೀನಿ. ಇವತ್ತು ನೀವು ಮೇಲೆ ಮೇಲೆ ಸ್ವಲ್ಪ ಸವರಿಬಿಡಿ."

ಕೈಗೆ ಕುಡುಗೋಲು ಕೊಟ್ಟ. ನಮ್ಮ ಕುಡುಗೋಲೇ, ಯಾವಾಗಲೋ ತೆಗೆದುಕೊಂಡು ಹೋಗಿ ವಾಪಸು ಕೊಟ್ಟಿರಲಿಲ್ಲ.

ಹಿತ್ತಿಲ ಬಾಗಿಲು ತೆಗೆದೆ. ಆ ಕಡೆ ಅವನು ಕಾಲಿಡುವುದೇ ಅಪರೂಪ, ದಿಣ್ಣೆಗಂತೂ ಹುಟ್ಟಿದಾಗಿನಿಂದ ಬಂದವನಲ್ಲ. ನೆಲವೆಲ್ಲ ಲಾರಿ ನಿಂತು ನಿಂತು ಗಟ್ಟಿಯಾದ ಜಲ್ಲಿ, ಮೇಲೆ ಸುಡುವ ಬಿಸಿಲು, ಒಂದು ತೊಟ್ಟು ನೀರಿಲ್ಲ. ಒಡೆದ ಬಕೆಟ್ಟುಗಳ ರಾಶಿಯ ಹಿಂದೆ, ನಮ್ಮ ಮೋಟು ಗೋಡೆಯ ಉದ್ದಕ್ಕೂ, ಈ ತುದಿಯಿಂದ ಆ ತುದಿಯವರೆಗೆ, ಸೊಂಟದೆತ್ತರಕ್ಕೆ ಹೊನ್ನಿನ ಬಣ್ಣದ ಹುಲ್ಲು ಸೆಟೆದು ನಿಂತಿತ್ತು. ಕೆಲವು ಬಕೆಟ್ಟುಗಳ ತಳದ ಬಿರುಕಿನಿಂದಲೂ ಎದ್ದು ನಿಂತಿತ್ತು.

ಮೊದಲು ನನಗೆ ತಲೆಗೇ ಹೋಗಲಿಲ್ಲ. ಒಂದು ಕಡ್ಡಿ ಮುರಿದೆ. ಟಕ್ ಎಂದಿತು. ಆ ಸದ್ದು ಕೇಳಿದ್ದೇ ಅಲ್ಲೇ ಒಂದು ಬಕೆಟ್ಟಿನ ಮೇಲೆ ಕೂತೆ. ಅದು ಒಡೆದ ಬಕೆಟ್ಟಾದ್ದರಿಂದ ನಾನು ಅದರೊಳಗೇ ಹೋದೆ. ಒಳಗೆ ಸಿಕ್ಕಿಹಾಕಿಕೊಂಡು, ಕಾಲು ಮೇಲೆ ಮಾಡಿಕೊಂಡು, ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಅತ್ತೆಯನ್ನು ಕೂಗಿದೆ. ಒಂದು ಸಲ ಕೂಗಿದರೆ ಬರಲಿಲ್ಲ. ಮತ್ತೆ ಮತ್ತೆ ಕೂಗಿದ ಮೇಲೆ ಮೋಟು ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ಯಾಕೆ ಹೀಗೆ ಬಾಯಿ ಬಡ್ಕೋತೀಯ? ಬಕೆಟ್ ಒಳಗೆ ಯಾಕೆ ಕೂತಿದ್ದೀಯ?"

"ಅದೆಲ್ಲ ಬಿಡಿ ಅತ್ತೆ. ಕೆಳಗೆ ನೋಡಿ, ಗೋಡೆ ಕೆಳಗೆ."

ನೋಡಿದರು. ಈ ವಯಸ್ಸಿನಲ್ಲಿ ಅವರು ಆ ಗೋಡೆ ಹೇಗೆ ಹತ್ತಿ ಇಳಿದರೋ, ಬಕೆಟ್ಟಿನೊಳಗಿಂದ ನನಗೆ ಸರಿಯಾಗಿ ಕಾಣಲಿಲ್ಲ. ಹುಲ್ಲಿನ ಮಧ್ಯೆ ನಿಂತು, ಒಂದು ಕಡ್ಡಿ ಮುರಿದು ಕಿವಿಯ ಹತ್ತಿರ ಹಿಡಿದರು. ಇನ್ನೊಂದನ್ನು ಬಗ್ಗಿಸಿ ಬಿಟ್ಟರು. ಅದು ಎದ್ದು ನಿಂತಿತು.

"ಇದು ಇಲ್ಲಿಗೆ ಹೇಗ್ ಬಂತೆ?"

"ನೀವೇ ಬಿತ್ತಿದ್ದು ಅತ್ತೆ. ದಿನಾ ಬೆಳಗ್ಗೆ, ಮೊರದಲ್ಲಿ. ಒಂದ್ ದಿನಾನೂ ಬಿಟ್ಟಿಲ್ಲ ಅಂದ್ರಲ್ಲ."

ಅತ್ತೆ ಹುಲ್ಲನ್ನೊಮ್ಮೆ ಕೈಯಿಂದ ಸವರಿದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ನಾನು ಕೈ ಚಾಚಿದರೂ ನನ್ನನ್ನು ಎಬ್ಬಿಸದೆ, ಕುಡುಗೋಲು ಮಾತ್ರ ತೆಗೆದುಕೊಂಡು ಕೊಯ್ಯಲು ಶುರು ಮಾಡಿದರು. ಸದ್ದು ಕೇಳಿ ಮೈದುನ ಓಡಿ ಬಂದು ನನ್ನನ್ನು ಎಳೆದು ತೆಗೆದ. ಹುಲ್ಲನ್ನೂ ಅಮ್ಮನನ್ನೂ ನೋಡಿ, ವಿಷಯ ತಿಳಿದು, ತಲೆ ಕೆರೆದುಕೊಂಡ.

"ಅಮ್ಮ, ಇದು ನನ್ ಜಾಗ."

"ಜಾಗ ನಿಂದು ಕಣೋ, ಕಸ ನಂದು" ಎಂದರು ಅತ್ತೆ, ಕೊಯ್ಯುವುದನ್ನು ನಿಲ್ಲಿಸದೆ. "ನಿನ್ ಕಸ ನೀನೇ ತಗೊಂಡ್ ಹೋಗು ಅಂತ ನೂರು ಸಲ ಬೊಬ್ಬೆ ಹೊಡ್ದಿದ್ದೀಯಲ್ಲ. ತಗೊಂಡ್ ಹೋಗ್ತಿದ್ದೀನಿ. ಔಷಧಿ ಹೊಡೆಯೋನು ನಾಳೆ ಈ ಕಡೆ ಬಂದ್ರೆ ನಿನ್ ಮಿಷನ್ ಮುರಿದು ಕೈಗೆ ಕೊಡ್ತೀನಿ."

ಹೇಳಿದೆನಲ್ಲ, ಮನುಷ್ಯ ಕೆಟ್ಟವನಲ್ಲ. ಔಷಧಿಯವನಿಗೆ ಫೋನ್ ಮಾಡಿ ಬೇಡವೆಂದ.

ಕಟ್ಟಲು ದಾರ ಇರಲಿಲ್ಲ. ಅತ್ತೆ ನನ್ನ ಏಪ್ರನ್ನಿನ ಲಾಡಿಯನ್ನು ಸೊಂಟದಿಂದಲೇ ಕಿತ್ತು, ಮೊದಲ ಹಿಡಿ ಹುಲ್ಲಿಗೆ ಬಿಗಿದು ಪೊರಕೆ ಮಾಡಿದರು. ಸಂಜೆ ಅದನ್ನು ಮೈದುನನ ಅಂಗಡಿಯಲ್ಲೇ, ನೀಲಿ ಪ್ಲಾಸ್ಟಿಕ್ ಪೊರಕೆಗಳ ನಡುವೆ, ಕಡ್ಡಿಯ ತುದಿ ಕೆಳಗೆ ಮಾಡಿ ನಿಲ್ಲಿಸಿದೆವು. ಬಾಗಿಲು ಹಾಕುವಾಗ ನಮ್ಮವರು ಅದಕ್ಕೆ ಏನೋ ಹಿತವಾಗಿ ಹೇಳಲು ಹೊರಟರು. ಬಾಯಿ ಮುಚ್ಚಿಸಿ ಕರೆದುಕೊಂಡು ಬಂದೆ.

ಬೆಳಗ್ಗೆ ಮೈದುನನೇ ಓಡಿ ಬಂದ. "ನಿಂತಿದೆ ಅತ್ತಿಗೆ, ನಿಂತೇ ಇದೆ" ಎಂದು ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಪ್ಲಾಸ್ಟಿಕ್ಕಿನವು ಒಂದೆರಡು ಬಿದ್ದಿದ್ದವು, ಅದನ್ನು ಅವನಾಗಿ ಹೇಳಲಿಲ್ಲ, ನಾನೇ ಆಮೇಲೆ ಹೋಗಿ ನೋಡಿದೆ.

ಮೊದಲ ವರ್ಷದ ಹುಲ್ಲು, ಹೆಚ್ಚೇನೂ ಬರಲಿಲ್ಲ. ಅಂಗಡಿಯ ಬಾಗಿಲು ತೆರೆದಿಡುವುದಕ್ಕೆ ಸಾಕಾಯಿತು. ಬುಡ ಗಟ್ಟಿಯಾಗಿದೆ, ಮುಂದಿನ ವರ್ಷ ಆಳೆತ್ತರ ಏಳುತ್ತದೆ ಎಂದು ಅತ್ತೆ ಹೇಳಿದರು. ಹೇಳಿದರು, ಆದರೆ ಪೊರಕೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಹಿತ್ತಿಲಲ್ಲಿ ಎಲೆ ಹಾಗೆಯೇ ಇದ್ದವು. ಅಭ್ಯಾಸ ತಪ್ಪಿಹೋಗಿದೆ ಎಂದು ಏನೋ ನೆವ ಹೇಳಿದರು. ಮನಸ್ಸಿನಲ್ಲಿ ನನ್ನ ಆ ಮಾತು ಇನ್ನೂ ಕೂತಿದೆ ಎಂದು ನನಗೆ ಗೊತ್ತಾಯಿತು.

ಎಲೆಗಳನ್ನೆಲ್ಲ ನಾನೇ ಬಳಿದು ತೆಗೆದೆ. ಸೀದಾ ಮಲಗುವ ಕೋಣೆಗೆ ಹೋಗಿ, ಗೊರಕೆ ಹೊಡೆಯುತ್ತಿದ್ದ ನಮ್ಮವರ ತಲೆಯ ಕೆಳಗಿಂದ ದಿಂಬನ್ನು ಎಳೆದೆ. ಅವರು ಗೋಡೆಗೆ ತಲೆ ಬಡಿಸಿಕೊಂಡು ಎದ್ದು ಕೂತರು. ದಿಂಬಿನ ಹೊಲಿಗೆ ಬಿಚ್ಚಿ, ಒಳಗಿದ್ದ ಬೀಜವನ್ನೆಲ್ಲ ಹಿತ್ತಿಲ ತುಂಬ ಸುರಿದೆ. ದಿಣ್ಣೆಯಲ್ಲೂ ಬೀಜ ಬೀಳುತ್ತಿದ್ದದ್ದು ಇದೇ ಬಿಸಿಲಿನ ಕಾಲಕ್ಕೇ.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ" ಎಂದು ಕರೆದೆ. "ಹಿತ್ತಿಲ ತುಂಬ ಕಸ ಬಿದ್ದಿದೆ. ನನ್ ಕೈಲಿ ಆಗಲ್ಲ."

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಈ ಸಲ ಬೂದಿ ಬೆರೆಸಿರಲಿಲ್ಲ, ಆ ಬಿಳಿ ಎಳೆ ಏನೆಂದು ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಲಾಡಿ ಕಟ್ಟಿದ ಪೊರಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸೊಂಟ ಬಗ್ಗಿಸಿ, ಕಣ್ಣು ಅರ್ಧ ಮುಚ್ಚಿ, ಗುಡಿಸಲು ಶುರು ಮಾಡಿದರು. ಸರ್ ಸರ್ ಸದ್ದು ಹಿತ್ತಿಲು ತುಂಬಿತು. ಒಂದು ಎಳೆಯನ್ನೂ ಬಿಡದೆ ಮೊರಕ್ಕೆ ಬಳಿದು, ಗೋಡೆಯ ಆಚೆಗೆ 'ಹೋ' ಎಂದು ಬೀಸಿ ಎಸೆದರು.

"ಅಮ್ಮಾ, ಮತ್ತೆ ನಮ್ ಕಡೆ..." ಎಂದು ಆಚೆಯಿಂದ ಮೈದುನನ ದನಿ ಬಂತು. ಗೋಡೆಯ ಮೇಲಿಂದ ಇಣುಕಿದೆ. ಅವನ ತಲೆಯ ಮೇಲೆ, ಮೀಸೆಯ ಮೇಲೆ ಬೀಜ ಕೂತಿತ್ತು. ತೆರೆದ ಬಾಯನ್ನು ಮುಚ್ಚಿಕೊಂಡು, ತಲೆ ಕೊಡವಿ, ಒಡೆದ ಬಕೆಟ್ಟುಗಳನ್ನು ಒಂದೊಂದಾಗಿ ಆ ಕಡೆಗೆ ಎಳೆದು ಜಾಗ ಮಾಡುತ್ತಿದ್ದ.